ಖುಷಿಗೂ ಹಾಜರಿ ಹಾಕಬೇಕಾ?

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಆಫೀಸ್ ಕೆಲಸ, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆ. ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಕೆಲಸ ಕೆಟ್ಟದ್ದೇನಲ್ಲ. ಆದರೆ ದಿನಗಳೆಲ್ಲ ಒಂದೇ ಥರ ಅನ್ನಿಸತೊಡಗಿದ್ದವು. ಅದಕ್ಕೇ ಹೋದ ವರ್ಷ ಕೆಲವು ಸಣ್ಣ ಖುಷಿಗಳನ್ನು ರೂಢಿ ಮಾಡಿಕೊಂಡೆ. ರೂಮ್‌ಮೇಟ್ ಏಳುವ ಮೊದಲು ಕಿಟಕಿ ಪಕ್ಕ ಕೂತು ಕಾಫಿ. ಮಧ್ಯಾಹ್ನ ಊಟ ಆದಮೇಲೆ ಹತ್ತು ನಿಮಿಷ ನಡಿಗೆ. ಸಂಜೆ ಒಂದು ಸ್ಟಾಪ್ ಮೊದಲೇ ಇಳಿದು ಹಾಡು ಕೇಳುತ್ತಾ ಮನೆಗೆ ಬರುವುದು. ರಾತ್ರಿ ಕಾದಂಬರಿಯ ಹತ್ತು ಪುಟ. ಶನಿವಾರ ಚಿತ್ರ ಬಿಡಿಸುವುದು. ನಿಜವಾಗಿಯೂ ಚೆನ್ನಾಗಿತ್ತು.

ಬಿಟ್ಟುಹೋಗಬಾರದು ಅಂತ ಎಲ್ಲವನ್ನೂ ಒಂದು ಆ್ಯಪ್‌ಗೆ ಹಾಕಿದೆ. ಅಲ್ಲಿಂದ ಪಟ್ಟಿ ಬೆಳೆಯಿತು. ಶನಿವಾರದ ಚಿತ್ರ ದಿನಕ್ಕೊಂದು ಚಿತ್ರ ಆಯಿತು. ಧ್ಯಾನ, ಕೃತಜ್ಞತೆಯ ಮೂರು ಸಾಲು, ಸ್ಟ್ರೆಚಿಂಗ್, ಚರ್ಮದ ಆರೈಕೆ, ಹೊಸ ಭಾಷೆಯ ಪಾಠ, ಡೈರಿ, ಗಿಡಗಳು, ಎರಡು ಲೀಟರ್ ನೀರು, ಅಮ್ಮನಿಗೆ ಫೋನ್ ಎಲ್ಲ ಸೇರಿ ಈಗ 14 ಇವೆ. ದಿನಾ ಟಿಕ್ ಮಾಡುತ್ತೇನೆ, ಐದಕ್ಕೆ ಎಷ್ಟು ಅಂತ ಅಂಕವನ್ನೂ ಕೊಡುತ್ತೇನೆ. ಒಂದು ದಿನವೂ ತಪ್ಪದೆ ಮೂರು ತಿಂಗಳು ದಾಟಿದ್ದ ಎಣಿಕೆ, ಅಂದರೆ ಸ್ಟ್ರೀಕ್, ಜ್ವರ ಬಂದು ಮುರಿದ ದಿನ ಕೂತು ಅತ್ತೆ. ಈಗ ಯಾವುದರಲ್ಲೂ ರುಚಿ ಇಲ್ಲ. ಕಾಫಿ ಕುಡಿಯುವಾಗ ಮುಂದಿನದು ಏನು ಅಂತ ನೋಡುತ್ತಿರುತ್ತೇನೆ. ರಾತ್ರಿ ಒಂದು ಗಂಟೆವರೆಗೆ ರೀಲ್ಸ್ ನೋಡುತ್ತೇನೆ. ಅದೂ ಖುಷಿ ಕೊಡುವುದಿಲ್ಲ, ಆದರೆ ಅದೊಂದೇ ನನ್ನ ಸಮಯ ಅನ್ನಿಸುತ್ತದೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಅಲಾರಂ. ಸಂಜೆ ತೂಕಡಿಕೆ ಬರುತ್ತದೆ ಅಂತ ಐದು ಗಂಟೆಗೆ ಇನ್ನೊಂದು ಕಾಫಿ ಕುಡಿಯುತ್ತೇನೆ.

ರೂಮ್‌ಮೇಟ್, ‘ನಿನ್ನ ಡೋಪಮಿನ್ ಖಾಲಿಯಾಗಿದೆ, 30 ದಿನ ಡಿಟಾಕ್ಸ್ ಮಾಡು’ ಅನ್ನುತ್ತಾಳೆ. ಅಮ್ಮ, ‘ಎಲ್ಲ ಇದ್ದೂ ನಿನಗೆ ಯಾಕೆ ಹೀಗೆ’ ಅನ್ನುತ್ತಾರೆ. ಐದಕ್ಕೇ ಎದ್ದರೆ ಎಲ್ಲ ಸರಿಹೋಗುತ್ತದೆ ಅಂತ ಸಹೋದ್ಯೋಗಿ ಹೇಳುತ್ತಾರೆ. ಹೋದ ವಾರ ಮಾತ್ರ ಕಾಲೇಜಿನ ಗೆಳತಿ ಹೇಳದೇ ಕೇಳದೇ ಆಫೀಸ್ ಹತ್ತಿರ ಬಂದಿದ್ದಳು. ಮೆಟ್ಟಿಲ ಮೇಲೆ ಕೂತು ಒಂದು ಗಂಟೆ ನಕ್ಕೆವು. ಅವತ್ತು ಏನನ್ನೂ ಟಿಕ್ ಮಾಡಲಿಲ್ಲ. ಇದು ಡಿಪ್ರೆಶನ್ನಾ? ಆ್ಯಪ್ ತೆಗೆದುಬಿಡಲಾ? ಪಟ್ಟಿ, ಸಮಯ, ಅಂಕ ಎಲ್ಲ ಜೊತೆಗೆ ಕಳಿಸಿದ್ದೇನೆ. — ಹೆಸರು ಬೇಡ

ಉತ್ತರ: ನೀವು ಕೇಳಿರುವುದು ಆ್ಯಪ್ ಬಗ್ಗೆ, ಡಿಟಾಕ್ಸ್ ಬಗ್ಗೆ, ಅಲಾರಂ ಬಗ್ಗೆ. ಆದರೆ ಪತ್ರದ ಒಳಗಿರುವ ಭಯ ಬೇರೆಯೇ ಅನ್ನಿಸಿತು. ಖುಷಿಪಡುವ ಶಕ್ತಿಯೇ ನನ್ನಿಂದ ಹೋಗಿಬಿಟ್ಟಿತಾ ಅನ್ನುವುದು ಆ ಭಯ. ಅದನ್ನೇ ಮೊದಲು ನೋಡೋಣ. ಯಾಕೆಂದರೆ ಅದಕ್ಕೆ ಉತ್ತರ ‘ಹೌದು’ ಆಗಿದ್ದರೆ, ಈ ಕೆಳಗೆ ನಾನು ಕೊಡುವ ಸಲಹೆಯಲ್ಲಿ ಅರ್ಧದಷ್ಟು ತಲೆಕೆಳಗಾಗುತ್ತದೆ.

ಡಿಪ್ರೆಶನ್ ಅಂದರೆ ಬರೀ ಅಳು, ಬರೀ ಬೇಸರ ಅಂತ ಜನ ತಿಳಿದಿರುತ್ತಾರೆ. ಹಾಗಲ್ಲ. ಮೊದಲು ಇಷ್ಟವಾಗುತ್ತಿದ್ದದ್ದು ಯಾವುದೂ ಇಷ್ಟವಾಗದಿರುವುದು ಅದರ ಎರಡು ಮುಖ್ಯ ಲಕ್ಷಣಗಳಲ್ಲಿ ಒಂದು. ಇನ್ನೊಂದು ಕುಗ್ಗಿದ ಮನಸ್ಸು. ವೈದ್ಯರು ಮೊದಲ ಹಂತದಲ್ಲಿ ಕೇಳುವ ಎರಡೇ ಪ್ರಶ್ನೆಗಳ ಒಂದು ಪರೀಕ್ಷೆ ಇದೆ. 2003ರಿಂದ ಬಳಕೆಯಲ್ಲಿದೆ. ಕಳೆದ ಎರಡು ವಾರಗಳಲ್ಲಿ, ಏನು ಮಾಡಿದರೂ ಆಸಕ್ತಿ ಅಥವಾ ಸಂತೋಷ ಇಲ್ಲ ಅನ್ನುವುದು ನಿಮ್ಮನ್ನು ಎಷ್ಟು ಕಾಡಿದೆ? ಮನಸ್ಸು ಕುಗ್ಗಿದ, ದಾರಿಯೇ ಇಲ್ಲ ಅನ್ನಿಸುವ ಭಾವ ಎಷ್ಟು ಕಾಡಿದೆ? ಇಲ್ಲವೇ ಇಲ್ಲ ಅಂದರೆ 0. ಕೆಲವು ದಿನ ಅಂದರೆ 1. ಅರ್ಧಕ್ಕಿಂತ ಹೆಚ್ಚು ದಿನ ಅಂದರೆ 2. ಹೆಚ್ಚುಕಡಿಮೆ ದಿನಾ ಅಂದರೆ 3. ಎರಡೂ ಕೂಡಿಸಿ 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಅಷ್ಟು ಬಂದ ಮಾತ್ರಕ್ಕೆ ಕಾಯಿಲೆ ಇದೆ ಅಂತ ತೀರ್ಮಾನ ಆಗುವುದಿಲ್ಲ. ಸರಿಯಾಗಿ ನೋಡಿಸಿಕೊಳ್ಳಬೇಕು ಅಂತ ಮಾತ್ರ ಅರ್ಥ. ಹಾಗೆ ಹೋದಾಗ ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆ ಇವನ್ನೂ ಪರೀಕ್ಷಿಸಿ ಅಂತ ಕೇಳಿ. ಇವೂ ಮನುಷ್ಯರನ್ನು ಹೀಗೇ ಸುಸ್ತುಮಾಡಿ ಕೂರಿಸುತ್ತವೆ. ‘ಬದುಕೇ ಬೇಡ’ ಅನ್ನುವ ಯೋಚನೆ ಒಮ್ಮೆ ಬಂದರೂ ಅಂಕ ಕೂಡಿಸುತ್ತಾ ಕೂರಬೇಡಿ. ಅವತ್ತೇ ಯಾರಿಗಾದರೂ ಹೇಳಿ, ವೈದ್ಯರಿಗೋ ಸಹಾಯವಾಣಿಗೋ ಫೋನ್ ಮಾಡಿ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ದೂರದಿಂದ ನೋಡಿ ಕಾಯಿಲೆ ಇದೆ, ಇಲ್ಲ ಅಂತ ಹೇಳುವುದು ತಪ್ಪು. ಆದರೆ ಆ ಮೆಟ್ಟಿಲ ಮೇಲಿನ ಒಂದು ಗಂಟೆ ನನಗೆ ತುಂಬಾ ಮುಖ್ಯ ಅನ್ನಿಸಿತು. ಡಿಪ್ರೆಶನ್ ಗಟ್ಟಿಯಾಗಿ ಹಿಡಿದಾಗ ಸಾಮಾನ್ಯವಾಗಿ ಗೆಳತಿ ಬಂದರೂ ಖುಷಿ ಬರುವುದಿಲ್ಲ. ನಗುತ್ತಿದ್ದರೂ ಒಳಗೆ ಏನೂ ಆಗುತ್ತಿರುವುದಿಲ್ಲ. ನಿಮಗೆ ಹಾಗಾಗಿಲ್ಲ. ಪಟ್ಟಿಯಲ್ಲಿ ಇಲ್ಲದ, ಅಂಕ ಇಲ್ಲದ, ಮೊದಲೇ ಗೊತ್ತಿಲ್ಲದ ಒಂದು ಸಂಗತಿ ನಿಮ್ಮನ್ನು ಒಂದು ಗಂಟೆ ನಗಿಸಿದೆ. ಅಂದರೆ ಖುಷಿಪಡುವ ಶಕ್ತಿ ಇದೆ. ರುಚಿ ಕೆಟ್ಟಿರುವುದು ಆ 14ರ ಪಟ್ಟಿಗೆ ಮಾತ್ರ. ಹಾಗಂತ ಮೇಲಿನ ಎರಡು ಪ್ರಶ್ನೆಗಳನ್ನು ಬಿಟ್ಟುಬಿಡಬೇಡಿ. ಒಂದು ಒಳ್ಳೆಯ ಸಂಜೆ ಇದ್ದವರಿಗೂ ಡಿಪ್ರೆಶನ್ ಇರಬಹುದು. ಪ್ರಾಮಾಣಿಕವಾಗಿ ಉತ್ತರಿಸಿ, 3ಕ್ಕಿಂತ ಕಡಿಮೆ ಬಂದರೆ ಮುಂದೆ ಓದಿ.

ರೂಮ್‌ಮೇಟ್ ಮಾತಿಗೆ ಮೊದಲು ಉತ್ತರ ಕೊಡೋಣ, ಯಾಕೆಂದರೆ ಈ ‘ಡೋಪಮಿನ್ ಖಾಲಿ’ ಕಥೆಯನ್ನು ನಾನು ಈಗೀಗ ಬಹಳ ಕೇಳುತ್ತಿದ್ದೇನೆ. ಡೋಪಮಿನ್ ಅಂದರೆ ಮಿದುಳಿನ ಕೋಶಗಳು ಸಂದೇಶ ಕಳಿಸಲು ಬಳಸುವ ಒಂದು ರಸಾಯನ. ಅದು ಖರ್ಚಾಗಿ ಮುಗಿಯುವ ದಾಸ್ತಾನು ಅಲ್ಲ. 30 ದಿನ ಸುಮ್ನೆ ಕೂತರೆ ಮತ್ತೆ ತುಂಬುವುದೂ ಇಲ್ಲ. ಇನ್ನೂ ಒಂದು ವಿಷಯ. ಅದು ಖುಷಿಯ ರಸಾಯನವೇ ಅಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಅವರ ಜೊತೆಯವರು ಇಲಿಗಳ ಮಿದುಳಿನಿಂದ ಡೋಪಮಿನ್ ಅನ್ನು ಬಹುಪಾಲು ಇಲ್ಲವಾಗಿಸಿ ನೋಡಿದರು. ಆ ಇಲಿಗಳು ತಾವಾಗಿ ಆಹಾರದ ಕಡೆ ಹೋಗಲಿಲ್ಲ. ಆದರೆ ನಾಲಿಗೆಗೆ ಸಕ್ಕರೆ ನೀರು ಬಿಟ್ಟರೆ, ಉಳಿದ ಇಲಿಗಳಂತೆಯೇ ತುಟಿ ಚಪ್ಪರಿಸಿದವು. ‘ಬೇಕು’ ಅನ್ನಿಸುವುದಕ್ಕೆ ಮಿದುಳಿನಲ್ಲಿ ಒಂದು ದಾರಿ, ‘ಇಷ್ಟ’ ಆಗುವುದಕ್ಕೆ ಇನ್ನೊಂದು. ಡೋಪಮಿನ್ ಕೆಲಸ ಹೆಚ್ಚಾಗಿ ಮೊದಲನೆಯದರಲ್ಲಿ.

ರಾತ್ರಿ ಒಂದರವರೆಗೆ ರೀಲ್ಸ್ ನೋಡುತ್ತೇನೆ, ಖುಷಿ ಬರುವುದಿಲ್ಲ ಅಂತ ಬರೆದಿದ್ದೀರಲ್ಲ, ಅದಕ್ಕೆ ಅರ್ಥ ಇಲ್ಲಿದೆ. ಬೇಕು ಅನ್ನಿಸುತ್ತದೆ, ಇಷ್ಟ ಆಗುವುದಿಲ್ಲ. ಮುಂದಿನದು ಏನು ಬರುತ್ತದೋ ಗೊತ್ತಿಲ್ಲ ಅನ್ನುವುದೇ ಬೆರಳನ್ನು ಎಳೆಯುತ್ತದೆ. ಕಾಫಿಗೆ ಇದರ ಉಲ್ಟಾ. 1990ರ ದಶಕದಲ್ಲಿ ವುಲ್ಫ್‌ರಾಮ್ ಶುಲ್ಟ್ಸ್ ಕೋತಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ, ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಡೋಪಮಿನ್ ಕೋಶಗಳು ಚುರುಕಾಗುತ್ತಿದ್ದವು. ಒಂದು ಸೂಚನೆ ಬಂದಮೇಲೆ ರಸ ಬಂದೇ ಬರುತ್ತದೆ ಅಂತ ಕೋತಿ ಕಲಿತಮೇಲೆ, ಸೂಚನೆಗೆ ಚುರುಕಾದವು, ರಸಕ್ಕೆ ಇಲ್ಲ. ಕೋತಿಯ ಮಿದುಳಿನಿಂದ ನಿಮ್ಮ ಕಾಫಿ ಲೋಟದವರೆಗೆ ನೇರ ಗೆರೆ ಎಳೆಯಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೂ ದಿನಾ ಅದೇ ನಿಮಿಷಕ್ಕೆ, ಅದೇ ಕುರ್ಚಿಯಲ್ಲಿ, ಅಲಾರಂ ಹೊಡೆಸಿಕೊಂಡು ಕುಡಿದ ಕಾಫಿ ಮೊದಲಿನಷ್ಟು ಮಿಂಚುವುದಿಲ್ಲ ಅನ್ನುವುದರಲ್ಲಿ ಆಶ್ಚರ್ಯ ಏನಿಲ್ಲ. ಯಾವುದಕ್ಕಾದರೂ ನಾವು ಒಗ್ಗಿಹೋಗುತ್ತೇವೆ. ಒಗ್ಗಿದ ಕಾಫಿಗೆ ಮಿಂಚು ಇರುವುದಿಲ್ಲ, ಹಿತ ಇರುತ್ತದೆ. ಆ ಹಿತ ದೊಡ್ಡದು. ಆದರೆ ಅದಕ್ಕೆ ದಿನಾ ಐದಕ್ಕೆ ಅಂಕ ಕೊಡಲು ಕೂತರೆ ಮೂರರ ಮೇಲೆ ಏಳುವುದಿಲ್ಲ.

ಇನ್ನು ಅಮ್ಮನ ಮಾತು. ‘ಎಲ್ಲ ಇದ್ದೂ ಯಾಕೆ ಹೀಗೆ’ ಅಂತ ಹೆತ್ತವರು ಕೇಳುವುದು ಹೆಚ್ಚಾಗಿ ಆತಂಕದಿಂದ. ಮಕ್ಕಳಿಗೆ ಅದು ಆರೋಪದ ಥರ ಕೇಳಿಸುತ್ತದೆ. ನೀವು ಬಹುಶಃ ಅದಕ್ಕೇ ಕೃತಜ್ಞತೆಯ ಮೂರು ಸಾಲು ಶುರುಮಾಡಿದಿರಿ, ಅಲ್ವಾ? ಆ ಅಭ್ಯಾಸ ಒಳ್ಳೆಯದೇ. ಆದರೆ ದಿನಾ ಬೇಕಿಲ್ಲ. ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಹೋದ್ಯೋಗಿಗಳು 2005ರಲ್ಲಿ ಬರೆದ ಪ್ರಕಾರ, ವಾರಕ್ಕೊಮ್ಮೆ ಹೀಗೆ ಬರೆದವರ ಮನಸ್ಸು ಹಗುರಾಯಿತು. ವಾರಕ್ಕೆ ಮೂರು ಸಲ ಬರೆದವರಲ್ಲಿ ಆ ಲಾಭ ಕಾಣಲಿಲ್ಲ. ನಿಮ್ಮ ಪಟ್ಟಿಯಲ್ಲಿ ಈ ಸಾಲುಗಳಿಗೆ ಸಿಕ್ಕಿರುವ ಅಂಕ ತಿಂಗಳುಗಟ್ಟಲೆ ಎರಡರಲ್ಲೇ ನಿಂತಿದೆ. ಭಾನುವಾರಕ್ಕೊಮ್ಮೆ ಸಾಕು.

ಸರಿ, ಹಾಗಾದರೆ ಖುಷಿ ಎಲ್ಲಿ ಹೋಯಿತು?

ನೀವು ಕಳಿಸಿದ ಪಟ್ಟಿಯಲ್ಲಿ ನಡಿಗೆ ಮತ್ತು ನೀರು ಆಫೀಸ್ ಸಮಯದಲ್ಲೇ ಮುಗಿಯುತ್ತವೆ. ಅವೆರಡನ್ನು ಬಿಟ್ಟು ಉಳಿದ 12ಕ್ಕೆ ನೀವೇ ಬರೆದ ನಿಮಿಷಗಳನ್ನು ಕೂಡಿಸಿ ನೋಡಿದೆ. 3 ಗಂಟೆ 20 ನಿಮಿಷ ಆಯಿತು. ಈಗ ದಿನದ ಲೆಕ್ಕ. ಆಫೀಸಿಗೆ 9 ಗಂಟೆ, ಓಡಾಟಕ್ಕೆ 2. ಉಳಿದದ್ದು 13. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಉಳಿದದ್ದು 6. ಸ್ನಾನ, ಅಡುಗೆ, ಊಟ, ಬಟ್ಟೆ, ಮನೆ ಕೆಲಸಕ್ಕೆ ಮೂರು ಗಂಟೆಯಾದರೂ ಹೋಗುತ್ತದೆ. ಕೈಯಲ್ಲಿ ಇರುವುದು 3 ಗಂಟೆ, ಪಟ್ಟಿ ಕೇಳುವುದು 3 ಗಂಟೆ 20 ನಿಮಿಷ. ನೀವು ಸೋಮಾರಿಯಾಗಿರುವುದರಿಂದ ಪಟ್ಟಿ ಮುಗಿಯುತ್ತಿಲ್ಲ ಅಂದುಕೊಂಡಿದ್ದೀರಿ. ಅದು ಯಾರಿಗೂ ಮುಗಿಯುವ ಪಟ್ಟಿ ಅಲ್ಲ. ಸುಮ್ನೆ ಕೂರಲು ಅದರಲ್ಲಿ ಒಂದು ನಿಮಿಷವೂ ಇಲ್ಲ. ಆ ನಿಮಿಷಗಳನ್ನು ನೀವು ರಾತ್ರಿ ಹನ್ನೊಂದರ ಮೇಲೆ ನಿದ್ದೆಯಿಂದ ಕಿತ್ತುಕೊಳ್ಳುತ್ತಿದ್ದೀರಿ.

ಒಂದಕ್ಕೆ ಮಲಗಿ ಐದೂಮುಕ್ಕಾಲಿಗೆ ಎದ್ದರೆ ನಿದ್ದೆ ಐದು ಗಂಟೆಗೂ ಕಡಿಮೆ. ತಿಂಗಳುಗಟ್ಟಲೆ ಹೀಗಾದರೆ ಯಾವ ಕಾಫಿಗೂ ರುಚಿ ಇರುವುದಿಲ್ಲ. ಮಲಗಲು ಯಾವ ಅಡ್ಡಿಯೂ ಇಲ್ಲದೆ, ನಾಳೆ ಕಷ್ಟ ಆಗುತ್ತದೆ ಅಂತ ಗೊತ್ತಿದ್ದೂ ಮಲಗುವುದನ್ನು ಮುಂದೂಡುವವರ ಬಗ್ಗೆ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಿಂದಲೇ ಬರೆದಿದ್ದಾರೆ. ನನ್ನ ಬಳಿ ಬರುವ ನಿಮ್ಮ ವಯಸ್ಸಿನವರಲ್ಲಿ ಇದು ತೀರಾ ಸಾಮಾನ್ಯ. ಅವರಿಗೆ ಫೋನ್ ಪಕ್ಕಕ್ಕಿಡಿ ಅಂದರೆ ಪ್ರಯೋಜನ ಇಲ್ಲ. ಹಗಲಲ್ಲಿ ಯಾರೂ ಏನೂ ಕೇಳದ ಅರ್ಧ ಗಂಟೆ ಸಿಕ್ಕರೆ ರಾತ್ರಿಯ ಹಟ ತಾನಾಗಿ ಸಡಿಲವಾಗುವುದನ್ನು ನೋಡಿದ್ದೇನೆ.

ಸಂಜೆಯ ಕಾಫಿ ಇದಕ್ಕೆ ಕೈಜೋಡಿಸುತ್ತಿದೆ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸರಾಸರಿ ಐದು ಗಂಟೆ ಬೇಕು. ಕೆಲವರಿಗೆ ಇನ್ನೂ ಜಾಸ್ತಿ. ಐದಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ ಹತ್ತಕ್ಕೂ ಒಳಗೇ ಇರುತ್ತದೆ. ಇದನ್ನು ಮಧ್ಯಾಹ್ನ ಎರಡರ ಒಳಗೆ ಮುಗಿಸಿ. ಮೊದಲ ಕೆಲವು ದಿನ ಸಂಜೆ ತಲೆನೋವು, ತೂಕಡಿಕೆ ಬರಬಹುದು. ಹೋಗುತ್ತದೆ.

ನಿದ್ದೆ ಒಂದು ಕಾರಣ. ಆದರೆ ಮುಖ್ಯ ಕಾರಣ ಅದಲ್ಲ ಅಂತ ನನ್ನ ಅನಿಸಿಕೆ. ಟಿಕ್, ಅಂಕ, ಸ್ಟ್ರೀಕ್ ಇವು ಮುಖ್ಯ ಕಾರಣ. ಡ್ಯೂಕ್ ವಿಶ್ವವಿದ್ಯಾಲಯದ ಜೋರ್ಡನ್ ಎಟ್ಕಿನ್ 2016ರಲ್ಲಿ ಒಂದು ಸರಣಿ ಪ್ರಯೋಗ ಪ್ರಕಟಿಸಿದರು. ಬಣ್ಣ ತುಂಬುವುದು, ನಡೆಯುವುದು, ಓದುವುದು, ಎಲ್ಲ ಇಷ್ಟಪಟ್ಟು ಮಾಡುವ ಕೆಲಸಗಳು. ಎಷ್ಟು ಮಾಡಿದೆವು ಅಂತ ಲೆಕ್ಕ ಕಣ್ಣ ಮುಂದೆ ಇದ್ದವರು ಹೆಚ್ಚು ಮಾಡಿದರು. ಆದರೆ ಕಡಿಮೆ ಆನಂದಿಸಿದರು. ಲೆಕ್ಕ ನಿಲ್ಲಿಸಿದಮೇಲೆ ಆ ಕೆಲಸಕ್ಕೆ ಮತ್ತೆ ಕೈಹಾಕುವ ಮನಸ್ಸೂ ಕಡಿಮೆಯಾಯಿತು. ಕಾರಣ ಇಷ್ಟೇ: ಎಣಿಸಿದ ಕೂಡಲೇ ಅದು ಕೆಲಸ ಅನ್ನಿಸುತ್ತದೆ. ದಿನಕ್ಕೊಂದು ಚಿತ್ರ ಅಂತ ಮಾಡಿಕೊಂಡಮೇಲೆ ನಿಮ್ಮ ಚಿತ್ರಗಳ ಸಂಖ್ಯೆ ಏರಿದೆ, ಅಂಕ ನಾಲ್ಕೂವರೆಯಿಂದ ಎರಡಕ್ಕೆ ಇಳಿದಿದೆ. ನಿಮ್ಮ ಪಟ್ಟಿಯೇ ಅದನ್ನು ಹೇಳುತ್ತಿದೆ.

ಚಿತ್ರದ ಮಾತು ಬಂದಿದ್ದಕ್ಕೆ ಇನ್ನೊಂದು ಹಳೆಯ ಪ್ರಯೋಗ ಹೇಳಬೇಕು. 1973ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಲೆಪರ್ ಮತ್ತು ಇಬ್ಬರು ಸಂಗಡಿಗರು, ಬಣ್ಣದ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಪ್ರಾಣ ಅನ್ನುವಂಥ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಬಿಡಿಸಿದರೆ ಪ್ರಮಾಣಪತ್ರ ಕೊಡುತ್ತೇವೆ’ ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದಾಗ, ಮೊದಲೇ ಆಸೆ ತೋರಿಸಿದ್ದ ಮಕ್ಕಳು ಮಾತ್ರ ಆ ಪೆನ್ನುಗಳ ಕಡೆ ಹೋಗುವುದನ್ನು ಕಡಿಮೆ ಮಾಡಿದ್ದರು. ಅನಿರೀಕ್ಷಿತವಾಗಿ ಪಡೆದವರಿಗೆ ಏನೂ ಆಗಿರಲಿಲ್ಲ. ಸ್ಟ್ರೀಕ್ ಕೂಡ ಮೊದಲೇ ಹೇಳಿದ ಬಹುಮಾನವೇ. ಜೊತೆಗೆ ಅದರಲ್ಲಿ ಕಳೆದುಕೊಳ್ಳುವ ಭಯವೂ ಸೇರಿದೆ. ಜ್ವರದಲ್ಲಿ ಮಲಗಿದ್ದಾಗ ನೀವು ಅತ್ತದ್ದು ಕಾಫಿ ತಪ್ಪಿತು ಅಂತ ಅಲ್ಲವಲ್ಲ, ಸಂಖ್ಯೆ ಸೊನ್ನೆಯಾಯಿತು ಅಂತ.

ಅಂದ ಹಾಗೆ, ಅಮ್ಮನ ಜೊತೆ ಮಾತಾಡಿದ್ದಕ್ಕೂ ಐದಕ್ಕೆ ಮೂರು ಅಂಕ ಕೊಟ್ಟಿದ್ದೀರಿ. ಓದಿ ನಗು ಬಂತು. ಆಮೇಲೆ ಸ್ವಲ್ಪ ಬೇಸರವೂ ಆಯಿತು. ಆ ಸಾಲನ್ನು ಇವತ್ತೇ ತೆಗೆದುಹಾಕಿ.

ಸ್ಟ್ರೀಕ್ ಮುರಿದರೆ ಅಭ್ಯಾಸವೇ ಹೋಗುತ್ತದೆ ಅನ್ನುವ ಹೆದರಿಕೆ ಇದ್ದರೆ, ಅದಕ್ಕೆ ಆಧಾರ ಇಲ್ಲ. 21 ದಿನದಲ್ಲಿ ಅಭ್ಯಾಸ ಕೂರುತ್ತದೆ ಅನ್ನುವ ಮಾತು ಎಲ್ಲಿಂದ ಬಂತು ಗೊತ್ತಾ? 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್, ತನ್ನ ರೋಗಿಗಳಿಗೆ ಹೊಸ ಮುಖ ಒಗ್ಗಲು ಕನಿಷ್ಠ 21 ದಿನ ಹಿಡಿಯುತ್ತದೆ ಅಂತ ಬರೆದದ್ದು, ಬಾಯಿಂದ ಬಾಯಿಗೆ ಹೋಗಿ ಹೀಗಾಯಿತು. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ತಂಡ 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕ ಮಧ್ಯದ ಅಂಕಿ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254ರವರೆಗೂ ಬೇಕಾಗಬಹುದು ಅಂತ ಅಂದಾಜು ಬಂತು. ಮುಖ್ಯವಾದ ವಿಷಯ ಏನೆಂದರೆ, ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಆ್ಯಪ್ ಸೊನ್ನೆಗೆ ಇಳಿಸುತ್ತದೆ, ಮಿದುಳು ಇಳಿಸುವುದಿಲ್ಲ.

ಈಗ ಏನು ಮಾಡಬಹುದು ಅಂತ ನೋಡೋಣ. ಯಾವ ದಾರಿಗೂ ಒಂದು ಬೆಲೆ ಇದೆ, ಅದನ್ನೂ ಹೇಳುತ್ತೇನೆ.

ಎಲ್ಲವನ್ನೂ ಒಂದೇ ಸಲ ಕಿತ್ತೆಸೆಯುವುದು ಮನಸ್ಸಿಗೆ ಹಗುರ ಅನ್ನಿಸುವ ದಾರಿ. ಬಹಳ ಜನ ಹಾಗೇ ಮಾಡುತ್ತಾರೆ. ಅಪಾಯ ಏನೆಂದರೆ, ಪಟ್ಟಿಯಲ್ಲಿ ಕೆಲವು ನಿಜಕ್ಕೂ ನಿಮ್ಮನ್ನು ಎತ್ತಿ ಹಿಡಿದಿವೆ. ಮಧ್ಯಾಹ್ನದ ನಡಿಗೆ, ಸ್ಟ್ರೆಚಿಂಗ್ ಅಂಥವು. ಅವೂ ಹೋಗುತ್ತವೆ. ಬಿಡುವಾದ ಮೂರು ಗಂಟೆಯನ್ನು ರೀಲ್ಸ್ ನುಂಗುತ್ತದೆ. ತಿಂಗಳಾದಮೇಲೆ ತಪ್ಪಿತಸ್ಥ ಭಾವ ಬಂದು, ಹೊಸ ಆ್ಯಪ್, ಹೊಸ ಪಟ್ಟಿ.

30 ದಿನದ ಡಿಟಾಕ್ಸ್ ನಿಮಗೆ ಬೇಡ. ಅದು ಇನ್ನೊಂದು ಸ್ಟ್ರೀಕ್ ಅಷ್ಟೆ. ಅದರ ಉಗ್ರ ರೂಪದಲ್ಲಿ ಗೆಳೆಯರ ಜೊತೆ ಮಾತು, ಸಂಗೀತ ಎಲ್ಲ ಬಿಡಲು ಹೇಳುತ್ತಾರೆ. ನಿಮಗೆ ಈಗ ಕೆಲಸ ಮಾಡಿರುವುದೇ ಗೆಳತಿಯ ಜೊತೆಗಿನ ಮಾತು, ಅದನ್ನೇ ಬಿಟ್ಟರೆ ಹೇಗೆ? ಆದರೆ ರೂಮ್‌ಮೇಟ್ ಮಾತಿನಲ್ಲಿ ಒಂದು ನಿಜ ಇದೆ. ಒಂದೇ ಒಂದು ವಸ್ತುವಿಗೆ ಸ್ವಲ್ಪ ದಿನ ವಿರಾಮ ಕೊಟ್ಟರೆ ರುಚಿ ಮರಳುತ್ತದೆ. 2013ರಲ್ಲಿ ಜೋರ್ಡಿ ಕ್ವಾಡ್‌ಬಾಕ್ ಮತ್ತು ಎಲಿಜಬೆತ್ ಡನ್ ಚಾಕೊಲೇಟ್ ಇಟ್ಟುಕೊಂಡು ಇದನ್ನು ನೋಡಿದರು. ಒಂದು ವಾರ ಮುಟ್ಟದೇ ಇದ್ದವರು ಮತ್ತೆ ತಿಂದಾಗ, ಬೇಕಾದಷ್ಟು ತಿನ್ನುತ್ತಿದ್ದವರಿಗಿಂತ ಹೆಚ್ಚು ಸವಿದರು. ಚಿತ್ರ ಬಿಡಿಸುವುದನ್ನು ಎರಡು ವಾರ ನಿಲ್ಲಿಸಿ. ಆಮೇಲೆ ಶನಿವಾರಕ್ಕೆ ಮಾತ್ರ ತನ್ನಿ, ಅದೂ ಕೈ ತುರಿಸಿದರೆ.

ಐದಕ್ಕೆ ಏಳುವ ಸಲಹೆಗೆ ಒಂದೇ ಮಾತು. ಹತ್ತಕ್ಕೆ ಮಲಗುವವರಿಗೆ ಅದು ಸರಿ. ಒಂದಕ್ಕೆ ಮಲಗುವವರಿಗೆ ಅದು ನಾಲ್ಕು ಗಂಟೆ ನಿದ್ದೆ. ಬೇಗ ಏಳುವ ಗುಣ, ತಡವಾಗಿ ಏಳುವ ಗುಣ ಬಹುಮಟ್ಟಿಗೆ ಹುಟ್ಟಿನಿಂದ ಮತ್ತು ವಯಸ್ಸಿನಿಂದ ಬರುತ್ತದೆ. ನಿಮ್ಮ ಸಹೋದ್ಯೋಗಿಗೆ ಒಗ್ಗಿದ್ದು ನಿಮಗೆ ಒಗ್ಗಬೇಕಿಲ್ಲ.

ನನ್ನ ಒಲವು ಪಟ್ಟಿಯನ್ನು ಎರಡಾಗಿ ಒಡೆಯುವ ಕಡೆಗೆ. ದೇಹವನ್ನು ನಡೆಸುವ ಕೆಲಸಗಳು ಒಂದು ಕಡೆ: ನೀರು, ನಡಿಗೆ, ಸ್ಟ್ರೆಚಿಂಗ್, ಮಲಗುವ ಹೊತ್ತು. ಇವಕ್ಕೆ ಖುಷಿ ಬರಬೇಕು ಅಂತ ನಿಯಮ ಇಲ್ಲ. ಹಲ್ಲುಜ್ಜುವುದಕ್ಕೆ ಅಂಕ ಕೊಡುತ್ತೇವಾ? ಇವಕ್ಕೆ ನೆನಪೋಲೆ, ಟಿಕ್ ಇರಲಿ, ತೊಂದರೆಯಿಲ್ಲ. ಅಂಕ ಮಾತ್ರ ಬೇಡ. ಕಾಫಿ, ಹಾಡು, ಕಾದಂಬರಿ, ಚಿತ್ರ, ಗಿಡ ಇವು ಆ್ಯಪ್‌ನಿಂದ ಹೊರಗೆ. ಭಾಷೆಯ ಪಾಠ ಎಲ್ಲಿಗೆ ಸೇರಬೇಕು ಅಂತ ನೀವೇ ನಿರ್ಧರಿಸಿ. ನನಗಂತೂ ಅದು ಯಾರಿಗೋ ತೋರಿಸಲು ಸೇರಿಸಿದ್ದು ಅನ್ನಿಸಿತು, ತಪ್ಪಿದ್ದರೆ ಕ್ಷಮಿಸಿ. ಧ್ಯಾನ, ಡೈರಿ ಸದ್ಯಕ್ಕೆ ಬಿಡಿ.

ಹೊರಗೆ ಬಂದ ಖುಷಿಗಳಿಗೆ ಗಡಿಯಾರದ ನಿಮಿಷ ಬೇಡ, ಆದರೆ ಜಾಗ ಬೇಕು. ಗ್ಯಾಬ್ರಿಯೆಲಾ ಟೊನಿಯೆಟ್ಟೊ ಮತ್ತು ಸೆಲಿನ್ ಮಾಲ್ಕೊಚ್ 2016ರಲ್ಲಿ ತೋರಿಸಿದ್ದು ಇದನ್ನೇ. ಪರೀಕ್ಷೆಯ ದಿನಗಳಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಕಾಫಿ, ಬಿಸ್ಕತ್ತು ಇಟ್ಟರು. ಕೆಲವರಿಗೆ ಇಂಥ ಹೊತ್ತಿಗೇ ಬನ್ನಿ ಅಂದರು. ಕೆಲವರಿಗೆ ಈ ಎರಡು ಗಂಟೆಯಲ್ಲಿ ಯಾವಾಗಲಾದರೂ ಬನ್ನಿ ಅಂದರು. ಎರಡನೆಯವರು ಹೆಚ್ಚು ಖುಷಿಪಟ್ಟರು. ಹಾಗಾಗಿ ‘ಸಂಜೆ ಮನೆಗೆ ಬಂದಮೇಲೆ ಊಟದ ಒಳಗೆ’ ಅನ್ನುವಷ್ಟು ಸಡಿಲ ಸಾಕು. ಆ ಹೊತ್ತಿನಲ್ಲಿ ಅರ್ಧ ಗಂಟೆ ಖಾಲಿ ಬಿಡಿ. ಕಾದಂಬರಿ ಓದಬಹುದು, ಗೋಡೆ ನೋಡಬಹುದು, ರೀಲ್ಸ್ ಕೂಡ ನೋಡಬಹುದು. ಆ ಅರ್ಧ ಗಂಟೆ ಯಾವುದಕ್ಕೂ ಲೆಕ್ಕ ಕೊಡಬೇಕಿಲ್ಲ. ಇದರ ಅಪಾಯವನ್ನೂ ಹೇಳಿಬಿಡುತ್ತೇನೆ. ಮೊದಲ ವಾರ ಸುಮಾರಾಗಿ ಹಿಂಸೆ ಆಗುತ್ತದೆ. ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ. ಕೆಲವು ಸಂಜೆ ಅರ್ಧ ಗಂಟೆಯೂ ರೀಲ್ಸ್‌ಗೇ ಹೋಗುತ್ತದೆ. ಹೋಗಲಿ. ರಾತ್ರಿ ಹನ್ನೊಂದಕ್ಕೆ ದೀಪ ಆರಿಸಲು ಅದು ನೆರವಾದರೆ ಲಾಭವೇ. ಕಾಫಿ ಕಿಟಕಿ ಪಕ್ಕವೇ ಇರಲಿ, ಆದರೆ ಅಲಾರಂ ಆರೂಮುಕ್ಕಾಲಿಗೆ ಸರಿಸಿ. ಅಷ್ಟೊತ್ತಿಗೆ ರೂಮ್‌ಮೇಟ್ ಎದ್ದಿರಬಹುದು. ಎದ್ದಿದ್ದರೆ ಇಬ್ಬರೂ ಕುಡಿಯಿರಿ.

ಒಂದು ಕೊರತೆ ನಿಮ್ಮ ಪಟ್ಟಿಯಲ್ಲಿ ಕಂಡಿತು. ಆಫೀಸ್ ಕೆಲಸದ ನಂತರ ಮನಸ್ಸು ಚೇತರಿಸಿಕೊಳ್ಳಲು ಏನು ಬೇಕು ಅಂತ ಸಬೀನ್ ಸೋನೆನ್‌ಟಾಗ್ ಮತ್ತು ಶಾರ್ಲೆಟ್ ಫ್ರಿಟ್ಸ್ 2007ರಲ್ಲಿ ನಾಲ್ಕು ಸಂಗತಿ ಹೇಳಿದ್ದಾರೆ: ಕೆಲಸದ ಯೋಚನೆಯಿಂದ ಕಳಚಿಕೊಳ್ಳುವುದು, ಮೈಮನ ಸಡಿಲಿಸುವುದು, ಹೊಸದೊಂದನ್ನು ಕಲಿಯುವುದು, ಮತ್ತು ಈ ಹೊತ್ತಿನಲ್ಲಿ ಏನು ಮಾಡಬೇಕು ಅಂತ ತಾನೇ ನಿರ್ಧರಿಸುವುದು. ನಿಮ್ಮಲ್ಲಿ ಕಲಿಯುವುದು ಬೇಕಾದಷ್ಟಿದೆ, ಸಡಿಲಿಸುವುದೂ ಇದೆ. ನಿರ್ಧಾರ ಮಾತ್ರ ಪೂರ್ತಿ ಆ್ಯಪ್ ಕೈಯಲ್ಲಿದೆ. ಕಳಚಿಕೊಳ್ಳುವ ಬಗ್ಗೆ ನೀವು ಏನೂ ಬರೆದಿಲ್ಲ. ಸಂಜೆ ಏಳರ ಮೇಲೂ ಆಫೀಸಿನ ಮೆಸೇಜು ಬರುತ್ತಾ? ಹಾಡು ಕೇಳುತ್ತಾ ನಡೆಯುವಾಗಲೂ ಮಧ್ಯೆ ಮಧ್ಯೆ ಅದನ್ನು ನೋಡುತ್ತೀರಾ? ಹೌದಾದರೆ ಯಾವ ಹಾಡೂ ಕೆಲಸ ಮಾಡುವುದಿಲ್ಲ. ಬಸ್ಸು ಇಳಿದಮೇಲೆ ಆ ಗುಂಪುಗಳನ್ನು ಮ್ಯೂಟ್ ಮಾಡಿ. ತುರ್ತಿದ್ದರೆ ಫೋನ್ ಮಾಡಲಿ ಅಂತ ಮೇಲಿನವರಿಗೆ ಮೊದಲೇ ಹೇಳಿ. ಎಲ್ಲ ಆಫೀಸಿನಲ್ಲೂ ಇದು ನಡೆಯುವುದಿಲ್ಲ, ಗೊತ್ತು. ನಡೆಯದ ಆಫೀಸಿನಲ್ಲಿ, ಕೆಲಸದ ಹೆಸರು ಕೇಳಿದರೇ ಅಸಹ್ಯ, ಎಷ್ಟು ಮಾಡಿದರೂ ಏನೂ ಸಾಧಿಸಿಲ್ಲ ಅನ್ನುವ ಭಾವ, ಮೈಯೆಲ್ಲ ಬತ್ತಿದಂಥ ಸುಸ್ತು ಮೂರೂ ಸೇರಿದರೆ ಅದು ಬರ್ನ್‌ಔಟ್. ಅದಕ್ಕೆ ಮದ್ದು ಕಾಫಿಯಲ್ಲೂ ಇಲ್ಲ, ಕಾದಂಬರಿಯಲ್ಲೂ ಇಲ್ಲ. ಕೆಲಸದ ಹೊರೆಯನ್ನೇ ಬದಲಿಸಬೇಕು.

ಮೊದಲೇ ಹೇಳಿದ ತಲೆಕೆಳಗಿನ ಮಾತು ಬಾಕಿ ಇದೆ. ಡಿಪ್ರೆಶನ್ ಇರುವವರಿಗೆ ನಾವು ಕೊಡುವ ಸಲಹೆ ಇದಕ್ಕೆ ಪೂರಾ ಉಲ್ಟಾ. ಅವರಿಗೆ ವೇಳಾಪಟ್ಟಿ ಬರೆಸುತ್ತೇವೆ. ಹತ್ತು ಗಂಟೆಗೆ ಸ್ನಾನ, ಹನ್ನೊಂದಕ್ಕೆ ಹೊರಗೆ ಹತ್ತು ನಿಮಿಷ. ಮಾಡಿದಮೇಲೆ ಎಷ್ಟು ಹಿತ ಅನ್ನಿಸಿತು ಅಂತ ಅಂಕವನ್ನೂ ಬರೆಸುತ್ತೇವೆ. 1970ರ ದಶಕದಲ್ಲಿ ಪೀಟರ್ ಲೆವಿನ್‌ಸನ್ ಬೆಳೆಸಿದ ವಿಚಾರದಿಂದ ಬಂದ ಚಿಕಿತ್ಸೆ ಇದು, ಚೆನ್ನಾಗಿ ಕೆಲಸ ಮಾಡುತ್ತದೆ. ಮನಸ್ಸು ಬಂದಮೇಲೆ ಮಾಡುತ್ತೇನೆ ಅಂತ ಕೂತರೆ ಅವರಿಗೆ ಮನಸ್ಸು ಬರುವುದೇ ಇಲ್ಲ. ಮೊದಲು ಮಾಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಹಾಗಾಗಿ ಇದನ್ನು ಓದುತ್ತಿರುವ ಬೇರೆ ಯಾರಾದರೂ ವೈದ್ಯರು ಬರೆದುಕೊಟ್ಟ ವೇಳಾಪಟ್ಟಿ ಅನುಸರಿಸುತ್ತಿದ್ದರೆ, ದಯವಿಟ್ಟು ನನ್ನ ಮಾತು ಕೇಳಿ ಅದನ್ನು ಹರಿಯಬೇಡಿ.

ನಿಮಗೆ ನಾನು ಹೇಳುವುದು ಮೂರ್ನಾಲ್ಕು ವಾರ ಹೀಗೆ ನಡೆಸಿ ನೋಡಿ ಅಂತ. ಮೊದಲು ಸರಿಹೋಗಬೇಕಾದದ್ದು ನಿದ್ದೆ. ಖುಷಿ ಅದರ ಹಿಂದೆ, ಸ್ವಲ್ಪ ತಡವಾಗಿ ಬರುತ್ತದೆ. ಏಳು ಗಂಟೆ ಮಲಗಿಯೂ ಏನೂ ಬದಲಾಗದಿದ್ದರೆ, ಅಥವಾ ಗೆಳತಿ ಬಂದಾಗಲೂ ನಗು ಬರದೇ ಹೋದರೆ, ಕಾಯದೆ ಮನೋವೈದ್ಯರನ್ನೋ ಮನಃಶಾಸ್ತ್ರಜ್ಞರನ್ನೋ ಕಾಣಿ. ಆ್ಯಪ್ ಡಿಲೀಟ್ ಮಾಡಲಾ ಅಂತ ಕೇಳಿದ್ದಿರಿ. ಬೇಡ, ಅದರ ನೋಟಿಫಿಕೇಶನ್ ಮತ್ತು ಅಂಕ ಮಾತ್ರ ನಿಲ್ಲಿಸಿ. ನಿಮ್ಮ ಅಂಕಗಳು ಯಾವ ತಿಂಗಳಿಂದ, ಯಾವ ಯಾವ ವಿಷಯದಲ್ಲಿ ಇಳಿಯತೊಡಗಿದವು ಅನ್ನುವುದು ಅದರಲ್ಲಿ ಇದೆ. ವೈದ್ಯರ ಬಳಿ ಹೋಗುವ ದಿನ ಬಂದರೆ ಅದನ್ನು ತೋರಿಸಿ, ಅವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.